ಗಾಯ, ಕಟ್ಟು, ಬ್ಯಾಂಡೇಜ್: ಸಿಸ್ಟರ್‌ಗೆ ಕೇಳಿ

ಅಡ್ಮಿನ್: ಅಡಿಕೆ ಸುಲಿತ ಶುರುವಾಗಿದೆ. ಈ ವಾರವೇ ಗುಂಪಿನ ಮೂವರು ಮೆಟ್ಟುಗತ್ತಿಗೆ ಬೆರಳು ಕೊಟ್ಟಿದ್ದಾರೆ. ಸರ್ಕಾರಿ ಆಸ್ಪತ್ರೆಗಳ ಡ್ರೆಸ್ಸಿಂಗ್ ರೂಮಿನಲ್ಲಿ 34 ವರ್ಷ ಕಳೆದು ನಿವೃತ್ತರಾದ ಸಿಸ್ಟರ್ ಇಂದು ಸಂಜೆ ಇಲ್ಲಿರುತ್ತಾರೆ. ಗಾಯ, ಕಟ್ಟು ಇಷ್ಟರ ಬಗ್ಗೆ ಮಾತ್ರ ಕೇಳಿ. ಫಾರ್ವರ್ಡ್ ಬೇಡ.

ಸಾಗರದ ಬೆಳೆಗಾರ: ನಾನೇ ಆ ಮೂವರಲ್ಲಿ ಒಬ್ಬ. ಹೆಬ್ಬೆರಳು, ಅರ್ಧ ಇಂಚು. ಬಟ್ಟೆ ಸುತ್ತಿದರೂ ರಕ್ತ ನಿಲ್ಲುತ್ತಿಲ್ಲ. ಮೂರು ಸಲ ಬಿಚ್ಚಿ ನೋಡಿದೆ.

ಸಿಸ್ಟರ್: ಬಿಚ್ಚಿ ನೋಡುವುದರಿಂದಲೇ ನಿಲ್ಲುತ್ತಿಲ್ಲ. ಹೆಪ್ಪುಗಟ್ಟಿದ್ದನ್ನು ಪ್ರತಿ ಸಲ ನೀವೇ ಕಿತ್ತು ತೆಗೆಯುತ್ತಿದ್ದೀರಿ. ನಲ್ಲಿ ನೀರಿನಲ್ಲಿ ಒಮ್ಮೆ ತೊಳೆಯಿರಿ. ಒಗೆದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಗಾಯದ ಮೇಲಿಟ್ಟು ಒತ್ತಿ ಹಿಡಿಯಿರಿ. ಕೈ ಎದೆಗಿಂತ ಮೇಲಿರಲಿ. ಗಡಿಯಾರ ನೋಡಿ 10 ನಿಮಿಷ, ನಡುವೆ ಇಣುಕಬೇಡಿ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದು ಇಡಿ. ಆಮೇಲೂ ನಿಲ್ಲದಿದ್ದರೆ, ಬೆರಳು ಮಡಚಲು ಬರದಿದ್ದರೆ, ತುದಿ ಜೋಮು ಹಿಡಿದಿದ್ದರೆ ಆಸ್ಪತ್ರೆಗೆ ಹೋಗಿ. ಟಿಟಿ ಯಾವಾಗ ತಗೊಂಡಿದ್ದು ಅಂತ ನೆನಪಿಲ್ಲದಿದ್ದರೂ ಹೋಗಿ.

ಹೊಸನಗರದ ಹಿರಿಯರು: ಇಷ್ಟೆಲ್ಲ ಯಾಕೆ? ಕಮ್ಯುನಿಸ್ಟ್ ಗಿಡದ ಸೊಪ್ಪು ಹಿಂಡಿ. ನಾವೆಲ್ಲ ಅದರಲ್ಲೇ ಬೆಳೆದವರು.

ಸಿಸ್ಟರ್: ಆ ರಸಕ್ಕೆ ರಕ್ತ ನಿಲ್ಲಿಸುವ ಗುಣ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಬೇಲಿ ಬುಡದ ಸೊಪ್ಪು. ಅದರ ಮೇಲೆ ಯಾವ ನಾಯಿ ಕಾಲೆತ್ತಿದೆಯೋ! ಅದನ್ನು ಅಂಗೈಯಲ್ಲಿ ತಿಕ್ಕಿ ಹಾಕಿಕೊಂಡು ಬರುತ್ತೀರಿ. ಹೊಲಿಗೆ ಹಾಕುವ ಮೊದಲು ಹಸಿರು ಚರಟವನ್ನು ಚಿಮುಟದಲ್ಲಿ ಒಂದೊಂದೇ ಹೆಕ್ಕಬೇಕು. ಹೆಕ್ಕಿದ್ದು ನಾನು, ಕೂಗಿದ್ದು ನೀವು.

ಶಿರಸಿ ಹೈನುಗಾರ: ಹಸುವಿನ ಗೊರಸಿನ ಗಾಯಕ್ಕೆ ಕಟ್ಟು ಹಾಕುವುದು ಹೇಗೆ ಸಿಸ್ಟರ್?

ಕೊಪ್ಪದ ಗೃಹಿಣಿ: ಉಂಬಳ ಕಚ್ಚಿದ ಕಡೆ ಒಂದು ಗಂಟೆಯಿಂದ ರಕ್ತ ಬರುತ್ತಿದೆ. ಹೆದರಬೇಕಾ?

ಸಿಸ್ಟರ್: ಬೇಡ. ಉಂಬಳದ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಅದಕ್ಕೇ ಸೋರುತ್ತದೆ. ಸೋಪಿನಲ್ಲಿ ತೊಳೆದು, ಹತ್ತಿ ಅಲ್ಲ, ಬಟ್ಟೆ ಮಡಿಕೆ ಇಟ್ಟು ಒತ್ತಿ ಕಟ್ಟಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಾದರೆ ಡಾಕ್ಟರಿಗೆ ತೋರಿಸಿ.

ಭದ್ರಾವತಿ: ನಾಯಿ ಕಚ್ಚಿದರೆ ಯಾವ ಬ್ಯಾಂಡೇಜ್?

ಸಿಸ್ಟರ್: ಕಟ್ಟಲೇಬೇಡಿ. ಹರಿಯುವ ನೀರು, ಸೋಪು, 15 ನಿಮಿಷ. ಸುಣ್ಣ, ಮೆಣಸಿನಪುಡಿ ಬೇಡ. ಇಂದೇ ಲಸಿಕೆ ಶುರುವಾಗಬೇಕು, ನಾಳೆ ಅಲ್ಲ.

ತೀರ್ಥಹಳ್ಳಿಯ ಮಗ: ಅಪ್ಪನಿಗೆ 67, ಶುಗರ್ ಇದೆ. ನಾಲ್ಕು ದಿನದ ಹಿಂದೆ ತೋಟದಲ್ಲಿ ಕಾಲಿನ ಹೆಬ್ಬೆರಳು ಎಡವಿ ಉಗುರು ಎದ್ದಿತ್ತು. ಹಳೇ ಪಂಚೆ ಅಂಚು ಹರಿದು ಬಿಗಿಯಾಗಿ ಕಟ್ಟಿದ್ದೇವೆ. ನೋವೇ ಇಲ್ಲ ಅನ್ನುತ್ತಾರೆ, ತೋಟಕ್ಕೂ ಹೋಗುತ್ತಿದ್ದಾರೆ. ಬಟ್ಟೆ ಸ್ವಲ್ಪ ವಾಸನೆ. ಬದಲಾಯಿಸಿದರೆ ಸಾಕಲ್ವಾ? ಫೋಟೋ ಹಾಕಿದ್ದೇನೆ.

ಸಿಸ್ಟರ್: ಉಳಿದವರು ಸ್ವಲ್ಪ ನಿಲ್ಲಿ. ಫೋಟೋದಲ್ಲಿ ಗಂಟಿನಿಂದ ಮುಂದೆ ಬೆರಳು ಊದಿದೆ, ಬಣ್ಣವೂ ನನಗೆ ಸರಿ ಕಾಣುತ್ತಿಲ್ಲ. ನೋವಿಲ್ಲ ಅನ್ನುವುದೇ ನನಗೆ ಜಾಸ್ತಿ ಹೆದರಿಕೆ. ವರ್ಷಗಟ್ಟಲೆ ಶುಗರ್ ಇದ್ದರೆ ಪಾದದ ನರ ಮಂಕಾಗುತ್ತದೆ. ನಿಮ್ಮ ನನ್ನ ಕಾಲಾಗಿದ್ದರೆ ಆ ಗಂಟಿಗೆ ರಾತ್ರಿಯೇ ಎದ್ದು ಕೂರುತ್ತಿದ್ದೆವು. ಅವರಿಗೆ ಗೊತ್ತೇ ಆಗುವುದಿಲ್ಲ.

ಮೊದಲು ಗಂಟು ಕತ್ತರಿಸಿ. ಒಳಗಿನ ಬಟ್ಟೆ ಗಾಯಕ್ಕೆ ಅಂಟಿದ್ದರೆ ಎಳೆಯಬೇಡಿ. ಕುದಿಸಿ ಆರಿಸಿದ ನೀರು ಹಾಕುತ್ತಾ ಇರಿ, ನೆನೆದು ತಾನೇ ಬಿಡುತ್ತದೆ. ಉಗುರೆದ್ದ ಬೆರಳು ಬಿಟ್ಟು ಪಕ್ಕದ ಬೆರಳಿನ ಉಗುರು ಒತ್ತಿ. ಬೆಳ್ಳಗಾಗುತ್ತದೆ. ಕೈ ಬಿಟ್ಟು ಒಂದು, ಎರಡು ಅಂತ ಎಣಿಸುವಷ್ಟರಲ್ಲಿ ಮತ್ತೆ ಕೆಂಪಾಗಬೇಕು. ಆಗುತ್ತದಾ? ಹೆಬ್ಬೆರಳು ತಣ್ಣಗಿದೆಯಾ? ಕಪ್ಪು ಎಲ್ಲಿಯವರೆಗೆ? ಕೆಂಪು ಪಾದದ ಮೇಲೆ ಹತ್ತಿದೆಯಾ? ಬೇಗ ಹೇಳಿ.

ಹೊಸನಗರದ ಹಿರಿಯರು: ಬಿಸಿನೀರಿನ ಶಾಖ ಕೊಡಿ. ಅರಿಶಿನ ಹಾಕಿ. ರಕ್ತ ಓಡಾಡುತ್ತದೆ.

ಸಿಸ್ಟರ್: ಶಾಖ ಕೊಡಬೇಡಿ! ಬಿಸಿ ಗೊತ್ತಾಗದ ಕಾಲು ಅದು. ಬೊಬ್ಬೆ ಎದ್ದಮೇಲೆ ಗೊತ್ತಾಗುತ್ತದೆ. ಹಿರಿಯರೇ, ದಯವಿಟ್ಟು.

ಬೆಂಗಳೂರು ಟೆಕ್ಕಿ: ಅಂಕಲ್, ಅರಿಶಿನ ಸಾಂಬಾರಿಗೆ.

ಹೊಸನಗರದ ಹಿರಿಯರು: ನೀನು ಊರು ಬಿಟ್ಟು ಎಷ್ಟು ವರ್ಷವಾಯಿತಪ್ಪ? ಅರಿಶಿನದ ಪೇಟೆಂಟನ್ನು ಅಮೆರಿಕದಲ್ಲಿ ನಮ್ಮ ವಿಜ್ಞಾನಿಗಳು ರದ್ದು ಮಾಡಿಸಿದ್ದು ಯಾತಕ್ಕೆ?

ಬೆಂಗಳೂರು ಟೆಕ್ಕಿ: 1997ರಲ್ಲಿ. ಹೊಸದೇನಲ್ಲ, ಹಿಂದಿನಿಂದ ಬಂದ ಜ್ಞಾನ ಅಂತ ರದ್ದಾಯಿತು. ಡಬ್ಬಿಯ ಪುಡಿ ಗಾಯಕ್ಕೆ ಸುರಿಯಿರಿ ಅಂತ ತೀರ್ಪು ಬರಲಿಲ್ಲ.

ಹೊಸನಗರದ ಹಿರಿಯರು: ಓದಿದವರ ಹತ್ತಿರ ಮಾತಾಡುವುದೇ ತಪ್ಪು.

ತೀರ್ಥಹಳ್ಳಿಯ ಮಗ: ಬಿಚ್ಚಿದೆ ಸಿಸ್ಟರ್. ಒಳಗೆ ಕಾಫಿಪುಡಿ ಗಟ್ಟಿಯಾಗಿ ಕೂತಿತ್ತು. ಅಮ್ಮ ಹಾಕಿದ್ದಂತೆ, ನನಗೆ ಹೇಳಿರಲಿಲ್ಲ. ಪಕ್ಕದ ಬೆರಳು ಎಣಿಸುವಷ್ಟರಲ್ಲಿ ಕೆಂಪಾಯಿತು. ಹೆಬ್ಬೆರಳ ತುದಿ ತಣ್ಣಗಿದೆ, ಉಗುರಿನ ಬುಡದವರೆಗೆ ಕಪ್ಪು. ಪಾದದ ಮೇಲೆ ನಾಲ್ಕು ಬೆರಳಗಲ ಕೆಂಪು.

ಸಿಸ್ಟರ್: ಈಗಲೇ ಹೊರಡಿ. ನಾಳೆ ಬೆಳಿಗ್ಗೆ ಅಲ್ಲ. ಸರ್ಜನ್ ಇರುವ ಆಸ್ಪತ್ರೆಗೆ ಹೋಗಿ. ಗಾಡಿ ಸಿಗದಿದ್ದರೆ 108. ಅಲ್ಲಿಯವರೆಗೆ ಒಗೆದ ಬಟ್ಟೆಯನ್ನು ಮೇಲೆ ಸಡಿಲವಾಗಿ ಹೊದಿಸಿ, ಗಂಟು ಬೇಡ. ಬೆರಳ ಸಂದಿಗೆ ಚಿಕ್ಕ ಬಟ್ಟೆ ಮಡಿಕೆ ಇಡಿ. ನಡೆಸಬೇಡಿ, ಎತ್ತಿ ಕೂರಿಸಿ. ಮಾತ್ರೆ ಚೀಟಿ, ಇನ್ಸುಲಿನ್ ಇದ್ದರೆ ಅದು, ಊಟ ಎಷ್ಟು ಹೊತ್ತಿಗೆ ಮಾಡಿದರು, ಎಲ್ಲ ತಗೊಂಡು ಹೋಗಿ. ಆ ಕೆಂಪಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಸಮಯ ಬರೆಯಿರಿ. ಆಸ್ಪತ್ರೆ ತಲುಪುವಾಗ ಗೆರೆ ದಾಟಿದ್ದರೆ ಡಾಕ್ಟರಿಗೆ ಅದನ್ನೇ ಮೊದಲು ತೋರಿಸಿ. ಅಮ್ಮನಿಗೆ ಬೈಯಬೇಡಿ, ಸಮಯ ಹಾಳು.

ಶಿವಮೊಗ್ಗ: ಉಳುಕಿಗೆ ಕ್ರೇಪ್ ಬ್ಯಾಂಡೇಜ್ ಮೇಲಿನಿಂದ ಕೆಳಗೋ, ಕೆಳಗಿನಿಂದ ಮೇಲೋ?

ಸಿಸ್ಟರ್: ಕೆಳಗಿನಿಂದ ಮೇಲೆ. ಬೆರಳ ಬುಡದಿಂದ ಶುರು. ಕಣಕಾಲಿನ ಹತ್ತಿರ ಇಂಗ್ಲಿಷಿನ 8ರಂತೆ ಸುತ್ತಿ. ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧ ಮುಚ್ಚಬೇಕು. ಬೆರಳ ತುದಿ ಹೊರಗೆ ಕಾಣಬೇಕು. ಮಲಗುವಾಗ ಬಿಚ್ಚಿ.

ಹೊಸನಗರದ ಹಿರಿಯರು: ಉಳುಕಿಗೆ ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಸಾಕು.

ಬೆಂಗಳೂರು ಟೆಕ್ಕಿ: 😂

ಕೊಪ್ಪದ ಗೃಹಿಣಿ: ನಗಬೇಡಿ, ನನ್ನ ತಮ್ಮ ಹಾಗೆ ಹುಟ್ಟಿದವನು. ಸೊಂಟ ಹಿಡಿದವರು ಇವತ್ತಿಗೂ ಮನೆಗೆ ಬರುತ್ತಾರೆ.

ಸಿಸ್ಟರ್: ಮೂಳೆ ಮುರಿದಿದ್ದರೆ ಒದೆಯಿಂದ ಎರಡಾಗುತ್ತದೆ. ಊರಿ ನಿಲ್ಲಲು ಆಗದಿದ್ದರೆ ಎಕ್ಸ್‌ರೇ.

ಅಡ್ಮಿನ್: ಒದೆಯುವ ವಿಷಯ ಇಲ್ಲಿಗೆ ಸಾಕು.

ಶಿರಸಿ ಹೈನುಗಾರ: ನನ್ನ ಹಸು?

ಸೊರಬ: *ಹಾವು ಕಚ್ಚಿದರೆ ಮೇಲೆ ಬಿಗಿಯಾಗಿ ಹಗ್ಗ ಕಟ್ಟಿ, ಬ್ಲೇಡಿನಿಂದ ಗೀರಿ ರಕ್ತ ಹೀರಿ. ಒಂದು ಜೀವ ಉಳಿಸಿ, 10 ಗುಂಪಿಗೆ ಕಳಿಸಿ.*

ಸಿಸ್ಟರ್: ಫಾರ್ವರ್ಡ್ ಬೇಡ ಅಂತ ಮೇಲೇ ಬರೆದಿತ್ತು. ಕಟ್ಟಬೇಡಿ, ಗೀರಬೇಡಿ, ಹೀರಬೇಡಿ. ಹಗ್ಗ ಕಟ್ಟಿ ಕೈ ಕಪ್ಪಾಗಿ ಬಂದವರನ್ನು ನೋಡಿದ್ದೇನೆ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಕಚ್ಚಿದ ಕೈಕಾಲಿಗೆ ಉದ್ದದ ಕೋಲು ಇಟ್ಟು, ಅಲ್ಲಾಡದಂತೆ ಪಂಚೆಯಿಂದ ಸಡಿಲವಾಗಿ ಸುತ್ತಿ. ನಡೆಸದೆ ಆಸ್ಪತ್ರೆಗೆ ಕರೆದೊಯ್ಯಿರಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ ಇಂಜೆಕ್ಷನ್. ಹಾವು ಹಿಡಿದು ತರಬೇಡಿ.

ಸೊರಬ: ಬಂದದ್ದನ್ನು ಹಾಕಿದೆ ಅಷ್ಟೇ. ಒಳ್ಳೆಯದಾಗಲಿ ಅಂತ.

ಸಿಸ್ಟರ್: ಅಳಿಸಿ.

ಸೊರಬ: ಇಷ್ಟು ಸಿಡುಕು ಯಾಕೆ? ಸರ್ಕಾರಿ ಆಸ್ಪತ್ರೆಯವರ ಬುದ್ಧಿ ನಿವೃತ್ತಿಯಾದರೂ ಹೋಗಲ್ಲ.

ಸಾಗರದ ಬೆಳೆಗಾರ: ನನ್ನ ರಕ್ತ ನಿಂತಿದೆ. ಅವರು ಸಿಡುಕಲಿ ಬಿಡಿ.

ಚಿಕ್ಕಮಗಳೂರು: ಕಳೆ ಕೊಚ್ಚುವ ಮಷೀನಿನಿಂದ ಕಡ್ಡಿ ಹಾರಿ ಕಣ್ಣಿಗೆ ಚುಚ್ಚಿದೆ. ಕಡ್ಡಿ ಕಾಣುತ್ತಿದೆ, ತೆಗೆಯಲಾ?

ಸಿಸ್ಟರ್: ಮುಟ್ಟಬೇಡಿ! ಉಜ್ಜಬೇಡಿ, ನೀರೂ ಹಾಕಬೇಡಿ. ಕಾಗದದ ಲೋಟವನ್ನು ಕಣ್ಣಿನ ಸುತ್ತಲ ಮೂಳೆಯ ಮೇಲೆ ಕೂರುವಂತೆ ಕವುಚಿ, ಅಲುಗದಂತೆ ಟೇಪು ಹಚ್ಚಿ. ಕಣ್ಣಿಗೆ ಏನೂ ಒತ್ತಬಾರದು. ಕಣ್ಣಾಸ್ಪತ್ರೆಗೆ ಈಗಲೇ ಹೋಗಿ.

ಭದ್ರಾವತಿ: ಪಕ್ಕದ ಮನೆಯವರು ನಾಯಿ ಕಚ್ಚಿದ್ದಕ್ಕೆ ಅರಿಶಿನ ಹಾಕಿ ಕಟ್ಟಿ ಅನ್ನುತ್ತಿದ್ದಾರೆ...

ಸಿಸ್ಟರ್: ಮೇಲೆ ಓದಿ.

ಹರಿಹರ: ಹಾಲು ಬಿದ್ದು ಸುಟ್ಟರೆ ಟೂತ್‌ಪೇಸ್ಟ್?

ಸಿಸ್ಟರ್: ಇಲ್ಲ. ನಲ್ಲಿ ನೀರು 20 ನಿಮಿಷ.

ಹರಿಹರ: ಐಸ್?

ಸಿಸ್ಟರ್: ಇಲ್ಲ.

ಹರಿಹರ: ಬೊಬ್ಬೆ ಒಡೆಯಲಾ?

ಅಡ್ಮಿನ್: ಸಿಸ್ಟರ್ ಊಟಕ್ಕೆ ಹೋದರು. ಶಿರಸಿಯವರೇ, ನಿಮ್ಮದು ಪಶುವೈದ್ಯರಿಗೆ.

ತೀರ್ಥಹಳ್ಳಿಯ ಮಗ: ಆಸ್ಪತ್ರೆಯಲ್ಲಿದ್ದೇವೆ. ಕೆಂಪು ಗೆರೆ ದಾಟಿತ್ತು. ಅಡ್ಮಿಟ್ ಮಾಡಿಕೊಂಡು ಡ್ರಿಪ್ ಹಾಕಿದ್ದಾರೆ. ಬೆರಳ ತುದಿ ಉಳಿಯುತ್ತದೋ ಇಲ್ಲವೋ ಎರಡು ದಿನದಲ್ಲಿ ಹೇಳುತ್ತಾರಂತೆ.

ಸಿಸ್ಟರ್: ಸದ್ಯ ಹೋದಿರಲ್ಲ. ಇನ್ನೊಂದು ಪಾದ ಯಾರಾದರೂ ನೋಡಿದ್ರಾ?

ತೀರ್ಥಹಳ್ಳಿಯ ಮಗ: ಇಲ್ಲ.

ಸಿಸ್ಟರ್: ಫೋನಿನ ಟಾರ್ಚ್ ಹಾಕಿ ಅಡಿ ನೋಡಿ. ಬೆರಳ ಸಂದಿಯೂ.

ತೀರ್ಥಹಳ್ಳಿಯ ಮಗ: ಹಿಮ್ಮಡಿಯ ಬಿರುಕಿನೊಳಗೆ ಒಂದು ನಿಂಬೆ ಮುಳ್ಳು ಮುರಿದು ಕೂತಿದೆ ಸಿಸ್ಟರ್. ಯಾವಾಗ ಚುಚ್ಚಿತು ಅಂತ ಕೇಳಿದರೆ, ಯಾವ ಮುಳ್ಳು ಅನ್ನುತ್ತಾರೆ ಅಪ್ಪ.