ಅನಿಲೀನಿನ ಮೇಲಿನ ಗುಂಪುಗಳು ಮತ್ತು ಆಮ್ಲದ ತೊಳೆತ: ಅನುಭವ ತಿಳಿಸಿ

ಎಂ.ಎಸ್ಸಿ. ವಿದ್ಯಾರ್ಥಿನಿ: ಅನಿಲೀನ್ ಎಂದರೆ ಬೆಂಜೀನ್ ಉಂಗುರಕ್ಕೆ ಅಮೈನೋ ಗುಂಪು (NH₂) ಸೇರಿದ ಪ್ರತ್ಯಾಮ್ಲ. ನನ್ನ ಪ್ರಾಜೆಕ್ಟಿನಲ್ಲಿ ಅಮೈನೋ ಗುಂಪಿನ ಎದುರು ತುದಿಯಲ್ಲಿ (ಪ್ಯಾರಾ) ಮೀಥೈಲ್ ಇರುವ ಪ್ಯಾರಾ-ಟೊಲ್ಯುಡೀನ್ ಮತ್ತು ಅಲ್ಲಿ ನೈಟ್ರೋ ಇರುವ ಪ್ಯಾರಾ-ನೈಟ್ರೋಅನಿಲೀನ್ ಎರಡೂ ಈಥೈಲ್ ಅಸಿಟೇಟ್ ದ್ರಾವಕದಲ್ಲಿ ಬೆರೆತಿವೆ. ಕಾಲಂ (ಕ್ರೊಮ್ಯಾಟೋಗ್ರಫಿ) ಹಾಕದೆ, ಆಮ್ಲದಿಂದ ತೊಳೆದು, ಪ್ರೋಟಾನ್ ಪಡೆದದ್ದನ್ನು ಲವಣವಾಗಿ ನೀರಿನ ಪದರಕ್ಕೆ ಇಳಿಸಿಯೇ ಬೇರ್ಪಡಿಸಬಹುದೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ನಿವೃತ್ತ ಕಾರ್ಖಾನೆ ರಸಾಯನಜ್ಞ: ನಾನು ಪಾಡು ಪಟ್ಟದ್ದು ಮೆಟಾ-ನೈಟ್ರೋಅನಿಲೀನಿನೊಂದಿಗೆ (ಮೆಟಾ ಎಂದರೆ ಅಮೈನೋ ಗುಂಪಿನಿಂದ ಒಂದು ಸ್ಥಾನ ಬಿಟ್ಟು). ಡೈನೈಟ್ರೋಬೆಂಜೀನನ್ನು ಸಲ್ಫೈಡಿನಿಂದ ಅಪಕರ್ಷಿಸಿದಾಗ ಗಂಧಕವೂ ಟಾರೂ ಸೇರಿ ಎರಡು ಪದರಗಳ ನಡುವೆ ಕಪ್ಪು ಕೆನೆ ಕಟ್ಟುತ್ತಿತ್ತು, ದುಬಾರಿ ದ್ರಾವಕವೆಲ್ಲ ಅದರಲ್ಲೇ ಸಿಕ್ಕಿ ಹಾಳಾಗುತ್ತಿತ್ತು. ನೈಟ್ರೋ ಇದ್ದ ಮೇಲೆ ಆಮ್ಲಕ್ಕೆ ಬಾರದು ಎಂದು ಮೇಲಿನವರು ಹಟ ಹಿಡಿದರು. ನಾನು ಒಪ್ಪಲಿಲ್ಲ. ಮೆಟಾ ಸ್ಥಾನದ ನೈಟ್ರೋ ಅನುರಣನದ (ಉಂಗುರದುದ್ದಕ್ಕೂ ಎಲೆಕ್ಟ್ರಾನ್ ಹಂಚಿಕೆಯ) ಮೂಲಕ ನೈಟ್ರೋಜನ್ನಿನ ಒಂಟಿ ಜೋಡಿಯನ್ನು ನೇರವಾಗಿ ಎಳೆದುಕೊಳ್ಳಲಾರದು. ಹಾಗಾಗಿ ಅದರ ಸಂಯುಗ್ಮ ಆಮ್ಲದ (ಪ್ರೋಟಾನ್ ಪಡೆದ ರೂಪದ) ಪಿಕೆಎ, ಅಂದರೆ ನೀರಿನಲ್ಲಿ ಅರ್ಧದಷ್ಟು ಅಣುಗಳು ಪ್ರೋಟಾನ್ ಪಡೆದಿರುವ ಪಿಎಚ್, 2.5ರಷ್ಟು ಉಳಿಯುತ್ತದೆ; ಈ ಅಂಕಿ ಹೆಚ್ಚಿದಷ್ಟೂ ಪ್ರತ್ಯಾಮ್ಲ ಬಲವಾದದ್ದು. ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಅದು ಬಂದೇ ಬಂತು: ಹಳದಿ ಮಾಸಿತು, ಅಮೋನಿಯ ಹನಿಸಿದೊಡನೆ ಹಳದಿ ಸೂಜಿಗಳು ಇಳಿದವು.

ಪದವಿ ಕಾಲೇಜಿನ ಉಪನ್ಯಾಸಕಿ: ಸರ್, ಅವರು ಕೇಳಿದ್ದು ಪ್ಯಾರಾ. ಅಲ್ಲಿ ಪಿಕೆಎ 1.0, ಆರ್ಥೋದಲ್ಲಿ (ಪಕ್ಕದ ಸ್ಥಾನದಲ್ಲಿ) ಸೊನ್ನೆಗಿಂತಲೂ ಕೆಳಗೆ, −0.3. ನಮ್ಮ ಪ್ರಯೋಗಾಲಯದಲ್ಲಿ ಈ ಆರ್ಥೋ, ಪ್ಯಾರಾ ನೈಟ್ರೋಅನಿಲೀನ್‌ಗಳನ್ನು ಆಮ್ಲದ ಗೊಡವೆಯೇ ಇಲ್ಲದೆ ಹಬೆ ಬಟ್ಟಿಯಿಂದ ಬೇರ್ಪಡಿಸಿದೆವು. ಅಣುವಿನೊಳಗೇ ಹೈಡ್ರೋಜನ್ ಬಂಧವಿರುವ ಆರ್ಥೋ ಹಬೆಯೊಂದಿಗೆ ಹೋಗುತ್ತದೆ, ಪ್ಯಾರಾ ಉಳಿಯುತ್ತದೆ.

ಸಿಇಟಿ ತರಬೇತುದಾರ: ಇಷ್ಟೆಲ್ಲ ಏಕೆ? ಎಲೆಕ್ಟ್ರಾನ್ ಕೊಡುವ ಗುಂಪು ಪ್ರತ್ಯಾಮ್ಲದ ಬಲ ಹೆಚ್ಚಿಸುತ್ತದೆ, ಸೆಳೆಯುವುದು ತಗ್ಗಿಸುತ್ತದೆ. ನನ್ನ ವಿದ್ಯಾರ್ಥಿಗಳು ಇಷ್ಟರಲ್ಲೇ ಪೂರ್ಣ ಅಂಕ ತೆಗೆದಿದ್ದಾರೆ.

ಉಪನ್ಯಾಸಕಿ: ಆ ನಿಯಮ ನಂಬಿ ಬಂದವರನ್ನು ತಿದ್ದುವುದರಲ್ಲೇ ನನ್ನ ಮೊದಲ ಸೆಮಿಸ್ಟರ್ ಕಳೆಯುತ್ತದೆ. ಅನಿಲೀನ್ 4.6, ಪ್ಯಾರಾ-ಮೀಥಾಕ್ಸಿ 5.3, ಅದೇ ಮೀಥಾಕ್ಸಿ ಮೆಟಾಕ್ಕೆ ಸರಿದರೆ 4.2. ಆರ್ಥೋ-ಟೊಲ್ಯುಡೀನ್ 4.4, ಮೀಥೈಲ್ ಇದ್ದೂ ಅನಿಲೀನಿಗಿಂತ ದುರ್ಬಲ. ಇದನ್ನೂ ನಿಮ್ಮ ನಿಯಮ ಹೇಳುತ್ತದೆಯೇ?

ತರಬೇತುದಾರ: ಅದು ಆರ್ಥೋ ಪರಿಣಾಮ, ಇಕ್ಕಟ್ಟಿನಿಂದ ಬಲ ಕುಗ್ಗುತ್ತದೆ. ನಮಗೂ ಗೊತ್ತಿದೆ ಮೇಡಂ.

ರಸಾಯನಜ್ಞ: ಇಕ್ಕಟ್ಟು ಬಲ ಹೆಚ್ಚಿಸುವುದೂ ಉಂಟು. ಟ್ರೈನೈಟ್ರೋಅನಿಲೀನಿನ ನೈಟ್ರೋಜನ್ನಿಗೆ ಎರಡು ಮೀಥೈಲ್ ಸೇರಿಸಿದರೆ, ಪಕ್ಕದ ನೈಟ್ರೋಗಳ ಒತ್ತಡಕ್ಕೆ ಆ ಗುಂಪು ಉಂಗುರದ ಸಮತಲದಿಂದ ತಿರುಗಿ ಅನುರಣನ ಕಡಿಯುತ್ತದೆ, ಬಲ ಸುಮಾರು 40,000 ಪಟ್ಟು ಏರುತ್ತದೆ. ತಂಗಿ, ನಿಮ್ಮ ಟೊಲ್ಯುಡೀನಿನ ಪಿಕೆಎ 5.1. ಪಿಎಚ್ 3ರ ಬಫರಿನಿಂದ ತೊಳೆಯಿರಿ: ಅದು ಬಹುಪಾಲು ನೀರಿಗಿಳಿಯುತ್ತದೆ, ನೈಟ್ರೋ ಮೇಲೆಯೇ ನಿಲ್ಲುತ್ತದೆ. ಗಾಢ ಆಮ್ಲ ಸುರಿದರೆ ಎರಡೂ ಕೆಳಗಿಳಿದಾವು.