ಮುತ್ಯಾನ ಬಂದೂಕು ಇಟ್ಟುಕೊಳ್ಳಬೇಕಾ? ಇತಿಹಾಸ ಗೊತ್ತಿರುವವರು ಹೇಳಿ

ಸುರಪುರ_ಶೇಂಗಾ

ಎಲ್ಲರಿಗೂ ಶರಣು. ನಮ್ಮ ಮುತ್ಯಾ ಹೋದ ಯುಗಾದಿ ಮುಂದೆ ತೀರಿಕೊಂಡರು. ಅವರ ಹೆಸರಿನಲ್ಲಿ ಬೆಳೆ ಕಾಯಲು ಲೈಸನ್ಸ್ ಪಡೆದ ಒಂದು ಸಿಂಗಲ್ ಬ್ಯಾರೆಲ್ ಬಂದೂಕಿದೆ. ಶೇಂಗಾ ಹೊಲಕ್ಕೆ ಹಂದಿ ನುಗ್ಗಿದರೆ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಿದ್ದರು, ಅಷ್ಟೇ. ಪ್ರತಿ ಚುನಾವಣೆಗೂ ಅದನ್ನು ಹಳೆ ಧೋತರದಲ್ಲಿ ಸುತ್ತಿ ಠಾಣೆಗೆ ಕೊಟ್ಟು, ರಸೀದಿಯನ್ನು ದೇವರ ಜಗುಲಿ ಮೇಲೆ ಇಡುತ್ತಿದ್ದರು. ಈಗಲೂ ಅದು ಠಾಣೆಯಲ್ಲೇ ಇದೆ. ನನ್ನ ಹೆಸರಿಗೆ ಲೈಸನ್ಸ್ ಕೇಳಲಾ, ಬಿಟ್ಟುಕೊಡಲಾ ಅಂತ ಯೋಚನೆ.

ಕಾಗದಪತ್ರ ನಾನು ಓಡಾಡಿ ಮಾಡಿಸಿಕೊಳ್ಳುತ್ತೇನೆ. ಪ್ರಶ್ನೆ ಬೇರೆ. ಕಲಬುರಗಿಯಲ್ಲಿ ಓದುವ ನನ್ನ ತಮ್ಮ, "ಅಣ್ಣಾ, ಬಿಡಬೇಡ. ಮನೆಮನೆಯಲ್ಲಿ ಬಂದೂಕು ಇದ್ದ ಕಡೆ ಯಾವ ದೊರೆಗೂ ಜನರನ್ನು ತುಳಿಯೋಕೆ ಆಗಿಲ್ಲ. ಅಮೆರಿಕ ನೋಡು, ನಮ್ಮ ಸುರಪುರ ನೋಡು" ಅಂತಾನೆ. ಇದು ನಿಜವಾ? ಮುತ್ಯಾನ ನೆನಪು ಬಿಡಿ, ಸ್ವಾತಂತ್ರ್ಯ ಉಳಿಸಿದ್ದು ಬಂದೂಕಾ?

ಯಾದಗಿರಿ_ಮಾಸ್ತರ

ತಮ್ಮಾ, ಮುತ್ಯಾ ಹೋದ ಸುದ್ದಿ ಕೇಳಿ ಬೇಜಾರಾಯಿತು. ನಾನು ಮೂವತ್ತು ವರ್ಷ ಇತಿಹಾಸ ಹೇಳಿಕೊಟ್ಟವನು. ನಿನ್ನ ತಮ್ಮನ ಮಾತಿನಲ್ಲಿ ಸತ್ಯ ಇದೆ, ಆದರೆ ಅರ್ಧ.

ನಿಮ್ಮ ಊರ ಹತ್ತಿರದ ವಾಗಣಗೇರಿಯಿಂದಲೇ ಶುರು ಮಾಡೋಣ. 1705ರಲ್ಲಿ ಔರಂಗಜೇಬ ಮುಪ್ಪಿನ ಕಾಲದಲ್ಲಿ ಖುದ್ದಾಗಿ ಬಂದು ಆ ಕೋಟೆಗೆ ಮುತ್ತಿಗೆ ಹಾಕಿದ. ಬೇಡರ ಗುರಿ ಎಂಥದ್ದು ಅಂತ ಮೊಗಲರಿಗೂ ಗೊತ್ತಿತ್ತು. ಸುಮಾರು ಮೂರು ತಿಂಗಳು ಹಿಡಿಯಿತು. ಕೊನೆಗೆ ಕೋಟೆ ಸಿಕ್ಕಿತು, ಬೇಡರ ದೊರೆ ಪಿಡ್ಡನಾಯಕ ಸಿಗಲಿಲ್ಲ. ರಾತ್ರೋರಾತ್ರಿ ಜಾರಿಕೊಂಡಿದ್ದ. ಬಾದಶಹನ ಕೊನೆಯ ಮುತ್ತಿಗೆ ಅದೇ. ಪಾಠ ಮಾಡುವಾಗ ಇಲ್ಲಿಗೆ ಬಂದರೆ ನನಗೆ ಪ್ರತಿ ಸಲ ಮೈ ಜುಂ ಅನ್ನುತ್ತಿತ್ತು.

ಆದರೆ ಅದು ಒಬ್ಬನ ಮನೆಯ ಬಂದೂಕಾಗಿರಲಿಲ್ಲ. ನಾಯಕ ಇದ್ದ, ಗುಡ್ಡ ಇತ್ತು, ಕೋಟೆ ಇತ್ತು, ಹೊರಗಿನಿಂದ ಮರಾಠರ ಕುದುರೆಪಡೆ ಬಂತು. 1858ರಲ್ಲಿ ಅದೇ ಬೇಡರು ಇದ್ದರು, ಬಂದೂಕೂ ಇದ್ದವು. ಸುತ್ತಲಿಂದ ಬ್ರಿಟಿಷ್ ಪಡೆ ಬಂದಾಗ ಸುರಪುರ ನಿಲ್ಲಲಿಲ್ಲ. ರಾಜಾ ವೆಂಕಟಪ್ಪ ನಾಯಕ ಹೈದರಾಬಾದಿನಲ್ಲಿ ಸಿಕ್ಕಿಬಿದ್ದು, ಸೆರೆಯಲ್ಲಿರುವಾಗಲೇ ಗುಂಡೇಟಿನಿಂದ ತೀರಿಕೊಂಡ. ಸಂಸ್ಥಾನ ನಿಜಾಮನ ಕೈಗೆ ಹೋಯಿತು.

ನಿನ್ನ ತಮ್ಮ ಸರಿಯಾಗಿ ಹಿಡಿದದ್ದು ಒಂದಿದೆ. ಜನರನ್ನು ತುಳಿಯಬೇಕೆಂದವರು ಮೊದಲು ಕೈ ಹಾಕುವುದೇ ಆಯುಧಕ್ಕೆ. 1857ರಲ್ಲಿ ಆಯುಧಕ್ಕೆ ಲೈಸನ್ಸ್ ಬೇಕು ಎಂಬ ಹುಕುಂ ಬಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಊರು ಸುಟ್ಟರು, ಗಲ್ಲಿಗೇರಿಸಿದರು. 1878ರ ಕಾಯ್ದೆಯಲ್ಲಿ ನಮಗೆ ಲೈಸನ್ಸ್, ಯುರೋಪಿನವರಿಗೆ ವಿನಾಯಿತಿ. ದೊಡ್ಡ ಅವಮಾನ ಅದು. ಆದರೆ ಕಿತ್ತುಕೊಂಡದ್ದು ಅನ್ಯಾಯ ಅನ್ನೋದು ಬೇರೆ, ಇದ್ದಿದ್ದರೆ ಗೆಲ್ಲುತ್ತಿದ್ದೆವು ಅನ್ನೋದು ಬೇರೆ. ಹಲಗಲಿಯವರ ಕೈಯಲ್ಲಿ ಆಯುಧ ಇತ್ತಲ್ಲ.

ಅಮೆರಿಕದಲ್ಲೂ 1775ರಲ್ಲಿ ಮೊದಲ ಗುಂಡು ಹಾರಿಸಿದವರಲ್ಲಿ ರೈತರು ಇದ್ದರು, ನಿಜ. ಕಾಂಕಾರ್ಡ್ ಊರಿನ ಮದ್ದುಗುಂಡು ವಶ ಮಾಡಿಕೊಳ್ಳಲು ಬಂದ ಬ್ರಿಟಿಷರನ್ನು ಅವರು ತಡೆದರು. ಆದರೆ 1781ರಲ್ಲಿ ಯಾರ್ಕ್‌ಟೌನ್ ಗೆಲ್ಲಲು ವಾಷಿಂಗ್ಟನ್ನನ ಸೈನ್ಯ ಬೇಕಾಯಿತು, ಫ್ರಾನ್ಸಿನ ಹಡಗು ಬೇಕಾದವು. ಅದೇ ನಾಡಿನಲ್ಲಿ ಗುಲಾಮರು ಓಡಿಹೋಗದಂತೆ ರಾತ್ರಿ ಕಾವಲು ತಿರುಗುತ್ತಿದ್ದವರ ಕೈಯಲ್ಲೂ ಬಂದೂಕೇ ಇತ್ತು.

ಕಲ್ಯಾಣದ_ಅಕ್ಕ

ಮಾಸ್ತರ ಕೊನೆಯ ಮಾತಿಗೆ ನಮ್ಮ ಕಡೆಯದನ್ನೂ ಸೇರಿಸುತ್ತೇನೆ. ನಾನು ಬಸವಕಲ್ಯಾಣ ತಾಲೂಕಿನವಳು.

ರಜಾಕಾರರು ಅಂದರೆ ಹೈದರಾಬಾದ್ ನಿಜಾಮನ ಪರ ನಿಂತಿದ್ದ ಕಾಸಿಂ ರಜ್ವಿಯ ಖಾಸಗಿ ಪಡೆ, ಸರ್ಕಾರಿ ಸೈನಿಕರಲ್ಲ. ಬಂದೂಕು ಅವರ ಕೈಯಲ್ಲಿತ್ತು, ನಿಜಾಮನ ಆಡಳಿತ ಕಣ್ಣು ಮುಚ್ಚಿಕೊಂಡಿತ್ತು. 1948ರ ಮೇ ತಿಂಗಳಲ್ಲಿ ಗೋರ್ಟಾ ಊರಿನಲ್ಲಿ ಅವರು ಜನರನ್ನು ಹೇಗೆ ಕೊಂದರು ಅಂತ ಈ ಕಡೆ ಗೊತ್ತಿಲ್ಲದ ಮನೆ ಇಲ್ಲ.

ಆಗ ನಮ್ಮ ಆಯಿಗೆ ಹನ್ನೊಂದು ವರ್ಷ. ನಮ್ಮ ಊರ ಸಾಹುಕಾರರ ವಾಡೆಯಲ್ಲಿ ಎರಡು ಬಂದೂಕು ಇದ್ದವಂತೆ. ಆ ಬಾಗಿಲಿಗೆ ಅವರು ಬರಲಿಲ್ಲ. ಒಳಗೆ ಜಾಗ ಸಿಕ್ಕವರು ಉಳಿದರು. ಆಯಿಯ ಓಣಿಯವರಿಗೆ ಜಾಗ ಸಿಗಲಿಲ್ಲ. ಅವಳನ್ನೂ ಅವಳ ತಂಗಿಯನ್ನೂ ನೆಲದೊಳಗೆ ಜೋಳ ತುಂಬಿಡುವ ಹಗೇವಿನಲ್ಲಿ ಇಳಿಸಿ ಮೇಲೆ ಕಲ್ಲು ಮುಚ್ಚಿದರು. ಒಂದು ಇಡೀ ರಾತ್ರಿ. ಉಸಿರು ಕಟ್ಟಿದ್ದನ್ನು ಆಯಿ ಸಾಯುವತನಕ ಹೇಳುತ್ತಿದ್ದಳು. ಬಂದೂಕು ವಾಡೆ ಉಳಿಸಿತು, ಸುಳ್ಳು ಹೇಳುವುದಿಲ್ಲ. ಊರು ಉಳಿಸಲಿಲ್ಲ.

ಅದು ನಿಂತದ್ದು ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಬಂದು, 17ಕ್ಕೆ ನಿಜಾಮ ಶರಣಾದ ಮೇಲೆ. ಇನ್ನೊಂದನ್ನೂ ಹೇಳಲೇಬೇಕು. ಆಮೇಲೆ ಆಯುಧ ಬೇರೆ ಕೈಗೆ ಬಂತು. ರಜಾಕಾರರ ಜೊತೆ ಯಾವ ಸಂಬಂಧವೂ ಇಲ್ಲದ ಮುಸ್ಲಿಂ ಮನೆಗಳೂ ಉರಿದವು. ಅದನ್ನು ನೋಡಿ ಬರಲು ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೀದರ್, ಗುಲ್ಬರ್ಗಾ ಎರಡನ್ನೂ ಹೆಸರಿಸಿದೆ. ಆಯಿಯ ಗೆಳತಿ ಒಬ್ಬಳು ಹಾಗೇ ಹೋದಳು. ಅವಳ ಹೆಸರು ಹೇಳುವಾಗ ಆಯಿ ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಿದ್ದಳು.

ಸೇಡಂ_ವಕೀಲ

ಸಣ್ಣ ಮಾತು. ಕೊಡವರಿಗೆ, ಕೊಡಗಿನಲ್ಲಿ ವಂಶಪಾರಂಪರ್ಯದ ಜಮ್ಮಾ ಭೂಮಿ ಇರುವವರಿಗೆ ಕೋವಿಗೆ ಲೈಸನ್ಸ್ ಬೇಡ, 2029ರವರೆಗೆ ವಿನಾಯಿತಿ ಇದೆ. ಅದು ಅವರ ಪೂಜೆಯ ವಸ್ತು, ಗೌರವ ಕೊಡೋಣ. ಆದರೆ 1975ರಲ್ಲಿ ತುರ್ತು ಪರಿಸ್ಥಿತಿ ಬಂದಾಗ ಕೊಡಗಿನ ಕೋವಿಯೂ ಸುಮ್ನೆ ಇತ್ತು, ನಮ್ಮ ಕಡೆಯ ಬಂದೂಕೂ ಸುಮ್ನೆ ಇತ್ತು. 1977ರಲ್ಲಿ ಅದನ್ನು ಕೆಳಗಿಳಿಸಿದ್ದು ಸಾಲಿನಲ್ಲಿ ನಿಂತು ಹಾಕಿದ ವೋಟು. ನಿಮ್ಮ ಮುತ್ಯಾ ಬಂದೂಕು ಠಾಣೆಗೆ ಕೊಟ್ಟು ವೋಟು ಹಾಕಲು ಹೋಗುತ್ತಿದ್ದರಲ್ವಾ?

ಸುರಪುರ_ಶೇಂಗಾ

ಹೌದು ಸರ್, ಒಂದು ವೋಟೂ ತಪ್ಪಿಸಿದವರಲ್ಲ. ಮಾಸ್ತರ್, ನಿಮ್ಮ ಬರಹವನ್ನು ತಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ವಾಗಣಗೇರಿ ತನಕ ಹೂಂಗುಟ್ಟಿದ, ಆಮೇಲೆ ಜಾಸ್ತಿ ಮಾತಾಡಲಿಲ್ಲ. ಹಂದಿ ಕಾಟ ಇರುವತನಕ ಹೊಲಕ್ಕೆ ಏನಾದರೂ ಬೇಕು, ಅದಕ್ಕೆ ತಂತಿ ಬೇಲಿ ಹಾಕಿಸುತ್ತೇನೆ. ಬಂದೂಕು ಬಿಟ್ಟುಕೊಡುತ್ತೇನೆ. ರಸೀದಿ ಜಗುಲಿ ಮೇಲೇ ಇರಲಿ.

ಅಕ್ಕಾ, ಬರುವ ಸೆಪ್ಟೆಂಬರ್ 17ಕ್ಕೆ ತಮ್ಮನನ್ನು ಕರೆದುಕೊಂಡು ಗೋರ್ಟಾಕ್ಕೆ ಬರಬೇಕು ಅಂದುಕೊಂಡಿದ್ದೇನೆ. ನಿಮ್ಮ ಊರಿನ ಆ ಹಗೇವು ಇನ್ನೂ ಇದೆಯಾ?

ಕಲ್ಯಾಣದ_ಅಕ್ಕ

ಇದೆ ತಮ್ಮಾ. ಅದೇ ಕಲ್ಲು ಮುಚ್ಚಿದೆ. ಊಟಕ್ಕೆ ನಮ್ಮ ಮನೆಗೇ ಬನ್ನಿ.