ಟಿಬೆಟಿಯನ್ ಹುಡುಗಿಗೆ ಮೈಸೂರಲ್ಲಿ ಬಾಡಿಗೆ ಮನೆ ಸಿಗುತ್ತಿಲ್ಲ, ಏನು ಮಾಡಬಹುದು?

ಕೊಪ್ಪದ ಟೈಲರಕ್ಕ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬೈಲಕುಪ್ಪೆ ಪಕ್ಕದ ಕೊಪ್ಪದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. 20 ವರ್ಷದಿಂದ ಇಲ್ಲಿನ ಟಿಬೆಟಿಯನ್ ನಿರಾಶ್ರಿತರ ಕ್ಯಾಂಪಿನ ಹೆಂಗಸರಿಗೆ ಚುಪಾ, ಅಂದರೆ ಅವರ ಉದ್ದನೆಯ ಉಡುಪು, ಹೊಲಿದು ಕೊಡುತ್ತಿದ್ದೇನೆ. ಅವರ ಹೊಸ ವರ್ಷದ ಲೋಸರ್ ಹಬ್ಬ ಹತ್ತಿರ ಬಂದರೆ ರಾತ್ರಿ ಹನ್ನೊಂದಾದರೂ ಮಿಷನ್ ನಿಲ್ಲುವುದಿಲ್ಲ.

ನನ್ನ ಮೊದಲ ಗಿರಾಕಿ ಒಬ್ಬ ಅಜ್ಜಿ. ಅವರ ಮೊಮ್ಮಗಳು ನನ್ನ ಕಣ್ಣೆದುರೇ ಬೆಳೆದವಳು. 2000ದಲ್ಲಿ ಇಲ್ಲೇ ಹುಟ್ಟಿದ್ದು. ನರ್ಸಿಂಗ್ ಓದಿ ಈಗ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಮನೆ ಮಾತ್ರ ಸಿಗುತ್ತಿಲ್ಲ.

ಮೊದಲ ಮನೆಯಲ್ಲಿ ದಾಖಲೆ ಕೇಳಿದರು. "ಆರ್‌ಸಿ ಇದೆ" ಅಂದಳು. "ಗಾಡಿದು ಬೇಡಮ್ಮಾ, ನಿಂದು ಕೊಡು" ಅಂದರಂತೆ. ಅದೇ ನನ್ನದು, ವಿದೇಶಿಯರ ನೋಂದಣಿ ಪತ್ರ ಅಂತ ಬಿಡಿಸಿ ಹೇಳಿದಳು. ಅಲ್ಲಿಗೆ ಮಾತು ಮುಗಿಯಿತು. ಎರಡನೇ ಮನೆಯವರು ಮುಂಗಡವಾಗಿ 5 ಸಾವಿರ ಇಸಕೊಂಡರು. ಪಕ್ಕದ ಮನೆಯವರು ಯಾರೋ "ಚೀನಾದವಳಿಗೆ ಮನೆ ಕೊಡ್ತೀರಾ" ಅಂದರು ಅಂತ ಎರಡೇ ದಿನಕ್ಕೆ ವಾಪಸ್ ಕೊಟ್ಟರು. ಚೀನಾ ಸೈನ್ಯ ಬಂತು ಅಂತಲೇ ಇವಳ ಅಜ್ಜಿ ಊರು ಬಿಟ್ಟು ಬಂದವರು. ಆ ಮಾತನ್ನು ಅಜ್ಜಿಗೆ ಹೇಳುವುದಕ್ಕೆ ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ.

ಈಗ ದಿನಾ ಬಸ್ಸಲ್ಲಿ ಓಡಾಡುತ್ತಾಳೆ. ನೈಟ್ ಡ್ಯೂಟಿ ಮುಗಿಸಿ ಹತ್ತಿದರೆ ಹುಣಸೂರು ದಾಟಿದ್ದೂ ಗೊತ್ತಾಗುವುದಿಲ್ಲವಂತೆ. ಮೊನ್ನೆ ನಿದ್ದೆಯಲ್ಲಿ ಸ್ಟಾಪ್ ತಪ್ಪಿ ಕುಶಾಲನಗರಕ್ಕೆ ಹೋಗಿ ಇಳಿದಿದ್ದಾಳೆ.

ಇವರಿಗೆ ಮನೆ ಕೊಡುವುದು ಕಾನೂನಿಗೆ ವಿರುದ್ಧವಾ? ನನ್ನ ಹೆಸರಲ್ಲಿ ಮನೆ ಹಿಡಿದು ಅವಳನ್ನು ಇರಿಸಬಹುದಾ? ಅವಳ ತಾಯಿ 1977ರಲ್ಲಿ ಇಲ್ಲೇ ಹುಟ್ಟಿದವರು. ಹಾಗಾಗಿ ಭಾರತದ ಪಾಸ್‌ಪೋರ್ಟ್ ಮಾಡಿಸಿಬಿಡಿ, ಎಲ್ಲ ಸರಿ ಹೋಗುತ್ತೆ ಅಂತ ಒಬ್ಬರು ಹೇಳಿದರು. ನಿಜವಾ?

ಕುವೆಂಪುನಗರ ಮನೆ ಓನರ್:

ಅಕ್ಕ, ನಾನೂ ಬಾಡಿಗೆಗೆ ಮನೆ ಕೊಡುವವನೇ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಹುಡುಗಿ ಮೇಲೆ ನಮಗೆ ಅನುಮಾನ ಇರುವುದಿಲ್ಲ. ವಿದೇಶಿ ಅನ್ನೋ ಪದ ಕಂಡರೆ ನಾಳೆ ಠಾಣೆಗೆ ಅಲೆಸುತ್ತಾರೇನೋ ಅಂತ ಭಯ. ಯಾವ ಕಾಗದ ನೋಡಬೇಕು, ಯಾರಿಗೆ ತಿಳಿಸಬೇಕು ಅಂತ ಒಬ್ಬರಾದರೂ ಹೇಳಿದರೆ ಅರ್ಧ ಜನ ಒಪ್ಪುತ್ತಾರೆ. ಗೊತ್ತಿರುವವರು ಬರೆಯಿರಿ.

ಹುಣಸೂರು ವಕೀಲೆ:

ಅಕ್ಕ, ಮನೆ ಕೊಡುವುದು ತಪ್ಪೇನಲ್ಲ. ಭಾರತ ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಹಾಗಾಗಿ ಕಾಗದದ ಮೇಲೆ ಟಿಬೆಟಿಯನ್ನರು ವಿದೇಶಿಯರೇ. ಆದರೆ ಆರ್‌ಸಿ ಅನ್ನುವುದು ಇಲ್ಲಿ ವಾಸ ಮಾಡುವುದಕ್ಕೆ ಸರ್ಕಾರವೇ ಕೊಟ್ಟಿರುವ ಪತ್ರ. ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಇರುವುದು "ವ್ಯಕ್ತಿ" ಅನ್ನುವ ಪದ, "ನಾಗರಿಕ" ಅಲ್ಲ. 1996ರಲ್ಲಿ ಅರುಣಾಚಲದ ಚಕ್ಮಾ ನಿರಾಶ್ರಿತರ ವಿಷಯ ಬಂದಾಗ, ಅವರ ಜೀವವನ್ನೂ ರಾಜ್ಯ ಕಾಪಾಡಲೇಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು.

ದಯವಿಟ್ಟು ನಿಮ್ಮ ಹೆಸರಲ್ಲಿ ಮನೆ ಹಿಡಿಯಬೇಡಿ. ವಿಳಾಸ ಬದಲಾದರೆ ಅವಳು ಪೊಲೀಸರಿಗೆ ತಿಳಿಸಬೇಕು. ಕರಾರು ಒಬ್ಬರ ಹೆಸರಲ್ಲಿ, ವಾಸ ಇನ್ನೊಬ್ಬರದು ಅಂದರೆ ನಾಳೆ ಆರ್‌ಸಿ ನವೀಕರಣಕ್ಕೆ ಹೋದಾಗ ಸಿಕ್ಕಿಹಾಕಿಕೊಳ್ಳುವವಳು ಅವಳೇ. ಅವಳ ಹೆಸರಲ್ಲೇ 11 ತಿಂಗಳ ಕರಾರು ಮಾಡಿಸಿ. ನೀವು ಸಾಕ್ಷಿ ಸಹಿ ಹಾಕಿ. ಓನರ್ ಅವಳ ಆರ್‌ಸಿ ಜೆರಾಕ್ಸ್ ಜೊತೆ ಬಾಡಿಗೆದಾರರ ವಿವರ ಠಾಣೆಗೆ ಕೊಟ್ಟು ಸ್ವೀಕೃತಿ ಇಸಕೊಳ್ಳಲಿ.

ಪಾಸ್‌ಪೋರ್ಟ್ ಬೇರೆಯದೇ ವಿಷಯ. 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ದೆಹಲಿ ಹೈಕೋರ್ಟ್ 2010ರಲ್ಲೇ ಒಬ್ಬ ಟಿಬೆಟಿಯನ್ ಹೆಣ್ಣುಮಗಳ ಪರವಾಗಿ ಹೀಗೆ ತೀರ್ಪು ಕೊಟ್ಟಿತು. ತಾಯಿ ನಾಗರಿಕರಾದರೆ 2000ದಲ್ಲಿ ಹುಟ್ಟಿದ ಮಗಳೂ ನಾಗರಿಕಳೇ. ಆದರೆ 2017ರಲ್ಲಿ ವಿದೇಶಾಂಗ ಇಲಾಖೆ ಷರತ್ತು ಹಾಕಿತು. ಪಾಸ್‌ಪೋರ್ಟ್ ಬೇಕಾದರೆ ಆರ್‌ಸಿ ರದ್ದು ಮಾಡಿಸಬೇಕು, ಟಿಬೆಟಿಯನ್ ಕ್ಯಾಂಪಲ್ಲಿ ವಾಸ ಇರಬಾರದು, ಅಲ್ಲಿನ ಸವಲತ್ತು ಬಿಡಬೇಕು. ಅಂದರೆ ಅಜ್ಜಿಯ ಮನೆಗೆ ಅವಳು ನೆಂಟಳಾಗಿ ಬರಬೇಕಾಗುತ್ತೆ. ಬಾಡಿಗೆ ಮನೆ ಸಿಗಲಿಲ್ಲ ಅಂತ ಅವಸರದಲ್ಲಿ ಮಾಡುವ ಕೆಲಸ ಅಲ್ಲ ಅದು. ಅವಳೇ ಯೋಚಿಸಿ ಬಂದರೆ ಅರ್ಜಿ ನಾನು ಬರೆದುಕೊಡುತ್ತೇನೆ, ಫೀಸ್ ಬೇಡ.

ಮುಂಡಗೋಡ ಮಾಸ್ತರ:

ವಕೀಲ ಮೇಡಂ ಹೇಳಿದ್ದು ಸರಿ. ನಮ್ಮಲ್ಲಿ 1966ರಿಂದ ಕ್ಯಾಂಪ್ ಇದೆ. ನಿಮ್ಮ ಕಡೆ ಇನ್ನೂ ಮುಂಚೆ, 1960-61ರಲ್ಲಿ, ಆಗಿನ ಮೈಸೂರು ಸರ್ಕಾರ ಸುಮಾರು 3 ಸಾವಿರ ಎಕರೆ ಕಾಡು ಬಿಟ್ಟುಕೊಟ್ಟಿತು. ಹಿಮದ ಊರಿನವರು ನಮ್ಮ ಬಿಸಿಲಲ್ಲಿ ಮರ ಕಡಿದು, ಆನೆ ಬಾರದಂತೆ ಹೊಲ ಕಾಯ್ದು, ಗೋವಿನಜೋಳ ಬೆಳೆದರು. ಎಷ್ಟೋ ಜನ ಆ ಸೆಕೆಗೇ ತೀರಿಹೋದರು. ಇಷ್ಟಾದರೂ ಆ ಜಮೀನು ಅವರ ಹೆಸರಲ್ಲಿ ಇಲ್ಲ. ಅದು ಗುತ್ತಿಗೆ.

ಒಂದು ಮಾತು ನೆನಪಾಗುತ್ತದೆ. ಇಲ್ಲಿಯವರು ಚಳಿಗಾಲ ಬಂತೆಂದರೆ ಊರೂರಿಗೆ ಸ್ವೆಟರ್ ಮಾರಲು ಹೋಗುತ್ತಾರೆ. ಮಾಲು ಲುಧಿಯಾನದಿಂದ ಬರುತ್ತದೆ, ಅದೂ ಸಾಲದ ಮೇಲೆ. ಅಡ ಇಡಲು ಹೊಲ ಇಲ್ಲ, ಮನೆಪತ್ರ ಇಲ್ಲ. ಆದರೂ ಅಲ್ಲಿನ ವ್ಯಾಪಾರಿಗಳು ವರ್ಷವರ್ಷ ಕೊಡುತ್ತಾರೆ, ಯಾಕೆಂದರೆ ಸೀಸನ್ ಮುಗಿದ ಮೇಲೆ ಹಣ ಬರುತ್ತದೆ. ನನ್ನ ವಿದ್ಯಾರ್ಥಿಯ ಅಪ್ಪ ಒಂದು ವರ್ಷ ಮಾಲು ಮಳೆಯಲ್ಲಿ ತೋಯ್ದು ಹಾಳಾದಾಗ, ಹಸು ಮಾರಿ ಬಾಕಿ ಚುಕ್ತಾ ಮಾಡಿ ಬಂದರು. ನಾನೇ ಕಂಡದ್ದು. ಇಂಥವರ ಮೊಮ್ಮಗಳು ತಿಂಗಳ ಬಾಡಿಗೆ ತಪ್ಪಿಸುತ್ತಾಳೆಯೇ?

ಅಕ್ಕಾ, ಒಂದು ಕೆಲಸ ಮಾಡಿ. ಕ್ಯಾಂಪಿನ ಸೆಟ್ಲ್‌ಮೆಂಟ್ ಆಫೀಸಿನಿಂದ ಒಂದು ಪತ್ರ, ಆಸ್ಪತ್ರೆಯಿಂದ ಒಂದು ಪತ್ರ ತಗೊಳ್ಳಿ. ಅವಳೊಬ್ಬಳನ್ನೇ ಕಳಿಸಬೇಡಿ. ನೀವು ಜೊತೆಗೆ ಹೋಗಿ, ಓನರ್ ಎದುರಿಗೆ ಕೂತು "ನಾನು ಇವಳನ್ನು ಬಲ್ಲೆ" ಅನ್ನಿ. ನಮ್ಮಲ್ಲಿ ಎಷ್ಟೋ ಹುಡುಗರಿಗೆ ಹುಬ್ಬಳ್ಳಿಯಲ್ಲಿ ರೂಮು ಸಿಕ್ಕಿದ್ದು ಹೀಗೆ.

ಕುವೆಂಪುನಗರ ಮನೆ ಓನರ್:

ಮೇಡಂ, ಮಾಸ್ತರರೇ, ಇದೇ ಬೇಕಿತ್ತು ನನಗೆ. ಅಕ್ಕ, ನಮ್ಮ ಮಹಡಿ ಮೇಲೆ ಒಂದು ರೂಮು, ಅಡುಗೆಮನೆ ಖಾಲಿ ಇದೆ. ಬಸ್ ಸ್ಟಾಪ್ ಹತ್ತಿರ. ಮನೆಯವಳಿಗೆ ಇದನ್ನೆಲ್ಲ ಓದಿ ಹೇಳಿದೆ. "ರಾತ್ರಿ ಡ್ಯೂಟಿ ಹುಡುಗಿ, ಗೇಟಿನ ಕೀ ಒಂದು ಜಾಸ್ತಿ ಮಾಡಿಸಿ" ಅಂದಳು. ಭಾನುವಾರ ಕರಕೊಂಡು ಬನ್ನಿ. ಠಾಣೆಗೆ ನಾನೇ ಹೋಗುತ್ತೇನೆ.

ಕೊಪ್ಪದ ಟೈಲರಕ್ಕ:

ಅಣ್ಣ, ಏನು ಹೇಳಬೇಕೋ ತಿಳಿಯುತ್ತಿಲ್ಲ. ಓದಿ ಅವಳಿಗೆ ಫೋನ್ ಮಾಡಿದೆ, ಡ್ಯೂಟಿಯಲ್ಲಿದ್ದಳು. ಪಾಸ್‌ಪೋರ್ಟ್ ಮಾತು ಸದ್ಯಕ್ಕೆ ಬೇಡ ಅಂದಳು. ಮೇಡಂ, ನಿಮ್ಮ ಮಾತು ಅವಳಿಗೆ ತಲುಪಿಸಿದ್ದೇನೆ. ಎರಡೂ ಪತ್ರ ಶನಿವಾರದೊಳಗೆ ಕೈಗೆ ಬರುತ್ತವೆ. ಭಾನುವಾರ ಬೆಳಗ್ಗೆ ಬಸ್ಸಿಗೆ ಮೂರು ಜನ ಬರುತ್ತೇವೆ, ಅಜ್ಜಿಯೂ ಮನೆ ನೋಡಬೇಕಂತೆ. ಅವರಿಗೆ ಮಂಡಿ ನೋವು. ಮಹಡಿಗೆ ಮೆಟ್ಟಿಲು ಎಷ್ಟಿದೆ ಅಣ್ಣ?